ಕ್ವಾಮಿನಾ ಓಟು ಹೊಲಿದ ಒಂಟಿಗೈ ಬಾವುಟ

ನಮ್ಮ ಎಸುಚಿರ್‌ನಲ್ಲಿ ಕ್ವಾಮಿನಾ ಓಟುವಿನ ಹತ್ತಿರ ಅಂಗಿ ಹೊಲಿಸಿಕೊಂಡವರು ಯಾರೂ ಎರಡನೇ ಸಲ ಹೋದದ್ದಿಲ್ಲ. ಅವನು ಹೊಲಿದ ಅಂಗಿಯ ಒಂದು ಭುಜ ಗುಡ್ಡ ಹತ್ತುತ್ತಿದ್ದರೆ ಇನ್ನೊಂದು ಸಮುದ್ರಕ್ಕಿಳಿಯುತ್ತಿತ್ತು. ಒಮ್ಮೆ ಪಾದ್ರಿಗಳಿಗೆ ಒಂದು ನಿಲುವಂಗಿ ಹೊಲಿದುಕೊಟ್ಟ. ಅದೆಷ್ಟು ಅಗಲವಾಗಿತ್ತೆಂದರೆ, ಭಾನುವಾರ ಕಡಲಗಾಳಿ ಎದ್ದಾಗ ಪಾದ್ರಿಗಳು ಹಾಯಿದೋಣಿಯ ಹಾಗೆ ವಾಲಿಕೊಂಡು ಹೋಗಿ ಪಕ್ಕದೂರಿನ ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ, ಗಾಳಿ ತಿರುಗಿದ ಮೇಲೆ ವಾಪಸು ಬಂದರು. ನಾವು ಅಲ್ಲಿಯವರೆಗೂ ಮಂಡಿಯೂರಿಕೊಂಡೇ ಇದ್ದೆವು.

ಅಂಥವನೇ ಬಾವುಟ ಹೊಲಿಯಲು ಕೂತರೆ ಕತ್ತರಿಗೆ ಕಣ್ಣು ಬರುತ್ತಿತ್ತು.

ನಮ್ಮ ಕಡಲೂರುಗಳಲ್ಲಿ ಬಾವುಟ ಅಂದರೆ ಬಾಯಿ. ಗಂಡಾಗಲಿ ಹೆಣ್ಣಾಗಲಿ, ಹುಟ್ಟಿದ ಪ್ರತಿಯೊಬ್ಬರೂ ಅಪ್ಪನ ಪಡೆಗೆ ಸೇರಿದವರು. ಹಿಂದೆ ಈ ಪಡೆಗಳು ಯುದ್ಧಕ್ಕೆ ಹೋಗುತ್ತಿದ್ದವಂತೆ. ನಮ್ಮ ಕಾಲಕ್ಕೆ ಯುದ್ಧ ಹೋಗಿ ಬೈದಾಟ ಉಳಿದಿತ್ತು. ಎಸುಚಿರ್‌ನಲ್ಲಿ ಎರಡೇ ಪಡೆ, ಒಂದನೆಯದು, ಎರಡನೆಯದು. ನಾವು ಎರಡನೆಯವರು. ನಾನು ಆ ಪಡೆಯ ಡೋಲಿನವನು. ಪಡೆಗೆ ಹೊಸ ನಾಯಕರು ಬಂದಾಗಲೆಲ್ಲ ಅವರು ಒಂದು ಹೊಸ ಬಾವುಟ ಹೊಲಿಸಿಕೊಡಬೇಕು. ಮಾತಿನಲ್ಲಿ ಬೈದರೆ ಗಾಳಿಗೆ ಹೋಗುತ್ತದೆ, ಬಟ್ಟೆಯಲ್ಲಿ ಬೈದರೆ ಮೊಮ್ಮಕ್ಕಳಿಗೂ ಸಿಗುತ್ತದೆ. ಮೊಸಳೆಯ ಬಾಯಲ್ಲಿ ಮೀನು ಇದ್ದರೆ ಮೊಸಳೆ ನಾವು, ಮೀನು ಅವರು. ಹದ್ದಿನ ಉಗುರಲ್ಲಿ ಕೋಳಿ ಇದ್ದರೆ ಅದನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬದ ದಿನ ಕುಣಿಯುವವನು ಆ ಬಾವುಟವನ್ನು ತಂದು ಎದುರಿನವರ ಮೂಗಿನ ತುದಿಗೆ ಬೀಸಿದನೆಂದರೆ ಹಿಂದಿನ ವರ್ಷದ ಜಗಳ ತೀರಿ ಮುಂದಿನ ವರ್ಷದ್ದು ಹುಟ್ಟಿತೆಂದು ಲೆಕ್ಕ.

ಇದು ಕೈಮೀರಬಾರದೆಂದು ಹಿರಿಯರು ಒಂದು ಕಟ್ಟು ಮಾಡಿದ್ದರು. ಹೊಸ ಬಾವುಟವನ್ನು ಹಬ್ಬಕ್ಕೆ ಮೊದಲೇ ನಮ್ಮ ದೊರೆ ನಾನಾ ಅವರ ಅಂಗಳದಲ್ಲಿ ಬಿಚ್ಚಿ ಎರಡೂ ಪಡೆಗೆ ತೋರಿಸಬೇಕು. ನಗಿಸುವ ಬೈಗುಳವಾದರೆ ಸರಿ. ಮಾನ ಕಳೆಯುವ ಬೈಗುಳವಾದರೆ ಬಾವುಟಕ್ಕೆ ಬೆಂಕಿ. ಹೊಲಿದವನ ಕತ್ತರಿ ನಾನಾ ಅವರ ಪೀಠದ ಕೆಳಗೆ. ಆಮೇಲೆ ಅವನು ಸಾಯುವವರೆಗೆ ಯಾವ ಪಡೆಗೂ ಬಾವುಟ ಹೊಲಿಯುವ ಹಾಗಿಲ್ಲ. ಕ್ವಾಮಿನಾನ ಕತ್ತರಿ ಪೀಠದ ಕೆಳಗೆ ಹೋದರೆ ಅವನಿಗೆ ಉಳಿಯುವುದು ಅಂಗಿ. ಅಂಗಿಯ ವಿಷಯ ಆಗಲೇ ಹೇಳಿದ್ದೇನೆ.

ಇನ್ನು ಎಕೊವ್ ಅಮಿಸ್ಸಾನ ಮಾತು. ಚಿತ್ರಕಾರ ಅಮಿಸ್ಸಾ ನಮ್ಮೂರವನೇ, ನಮ್ಮ ಪಡೆಯವನೇ. ಲಂಡನ್ನಿಗೆ ಹೋಗಿ ಕಲಿತು, ಅಲ್ಲೇ ಹೆಸರು ಮಾಡಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಹಿಂದಿರುಗಿದ. ಅಲ್ಲಿನ ಬಿಳಿಯರು ಅವನ ಚಿತ್ರ ನೋಡಿ, ಇಷ್ಟು ಹೊಸ ರೀತಿಯಲ್ಲಿ ಬರೆಯೋದನ್ನ ನಿನಗೆ ಯಾರಪ್ಪಾ ಕಲಿಸಿದ್ದು ಎಂದು ಕೇಳಿದರಂತೆ. “ನಮ್ಮೂರ ದರ್ಜಿಗಳು” ಎಂದನಂತೆ ಇವನು. ಅವರು ಅದನ್ನು ವಿನಯ ಎಂದು ಬರೆದುಕೊಂಡರು.

ಅವನು ರಾಜಧಾನಿ ಅಕ್ರಾದಲ್ಲಿ ಮೇಷ್ಟರಾಗಿದ್ದ. ರಜೆ ಬಂತೆಂದರೆ ಊರಿಗೆ ಬಂದು ಕ್ವಾಮಿನಾನ ಜಗಲಿಯ ಮೇಲೆ ಠಿಕಾಣಿ. ಮಂಗಳವಾರಗಳಂತೂ ಜಗಲಿ ತುಂಬಿರುತ್ತಿತ್ತು. ಮಂಗಳವಾರ ಕಡಲಿಗೆ ಸೇರಿದ ದಿನ, ಅವತ್ತು ಯಾರೂ ದೋಣಿ ಇಳಿಸುವುದಿಲ್ಲ. ಎಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ಹುಳಿಮುದ್ದೆ ಕೆಂಕಿ ಬಿಚ್ಚಿಟ್ಟುಕೊಂಡು, ಕರಿದ ಮೀನನ್ನು ಖಾರಕ್ಕೆ ಅದ್ದಿ ತಿನ್ನುತ್ತ ಅಮಿಸ್ಸಾ ಕೂರುತ್ತಿದ್ದ. ಎರಡೂ ಕೈ ಎಣ್ಣೆಯಾಗಿರುತ್ತಿದ್ದುದರಿಂದ ನೆಲದ ಮೇಲೆ ಹರಡಿದ ಬಟ್ಟೆಯ ತುಂಡುಗಳನ್ನು ಕಾಲಿನ ಹೆಬ್ಬೆರಳಿನಿಂದ ಸರಿಸುತ್ತಿದ್ದ. ಲಂಡನ್ನಿನಲ್ಲಿ ಗೋಡೆಗೇರಿದ ಚಿತ್ರಗಳನ್ನು ಅವನು ಕೈಯಲ್ಲಿ ಬರೆದನೋ ಹೆಬ್ಬೆರಳಿನಲ್ಲಿ ಬರೆದನೋ ಎಂದು ನನಗೆ ಇವತ್ತಿಗೂ ಅನುಮಾನ.

“ಈ ಮರ ಯಾಕೋ?” ಎನ್ನುತ್ತಿದ್ದ.

“ಮೊಸಳೆಗೆ ನೆರಳು ಬೇಡ್ವಾ?”

“ತೆಗಿ. ಈ ಹೊಳೆ?”

“ಹೊಳೆ ಇಲ್ದೆ ಮೊಸಳೆ ಎಲ್ಲಿ ಈಜುತ್ತೆ ಮಾರಾಯ?”

“ಅದು ಮೊಸಳೆ ತಲೆನೋವು. ತೆಗಿ.”

“ಎಲ್ಲಾ ತೆಗೆದ್ರೆ ಉಳಿಯೋದೇನು, ನಿನ್ನ ತಲೆ?”

ಅಮಿಸ್ಸಾ ಕತ್ತು ಓರೆ ಮಾಡಿ ನೋಡುತ್ತಿದ್ದ. “ಇನ್ನೂ ಒಂದು ಜಾಸ್ತಿ ಇದೆ ನೋಡು ಕ್ವಾಮಿನಾ.”

ಕ್ವಾಮಿನಾ ಮರ ತೆಗೆಯುತ್ತಿದ್ದ, ಹೊಳೆ ತೆಗೆಯುತ್ತಿದ್ದ. ಅಮಿಸ್ಸಾ ಅಕ್ರಾದ ಬಸ್ಸು ಹತ್ತಿ ಅದರ ಧೂಳು ಇಳಿಯುವ ಮೊದಲೇ ಎರಡನ್ನೂ ಮತ್ತೆ ಹೊಲಿಯುತ್ತಿದ್ದ. ಗಿರಾಕಿ ಕೊಟ್ಟ ಬಟ್ಟೆ, ಗಿರಾಕಿ ಕೇಳಿದ ಮೊಸಳೆ. ಅವನು ಹೊಲಿದ ಮೊಸಳೆಗಳನ್ನೆಲ್ಲ ನೀರಿಗೆ ಬಿಟ್ಟಿದ್ದರೆ ಸಮುದ್ರ ದಂಡೆಗೆ ಬಂದು ಜಾಗ ಕೇಳುತ್ತಿತ್ತು.

ಅಮಿಸ್ಸಾ ಬರೆಯುವ ಮನುಷ್ಯರಿಗೆ ಮುಖ ಇರುತ್ತಿರಲಿಲ್ಲ. ಕಣ್ಣು ಮೂಗು ಬಾಯಿ ಏನೂ ಇಲ್ಲ; ಕಪ್ಪಗೆ, ನುಣ್ಣಗೆ, ಒಂದು ತಲೆ. ಒಂದು ರಜೆಯಲ್ಲಿ ಮೀನು ಒಣಗಿಸುವ ಹೆಂಗಸರನ್ನು ಹಾಗೆ ಬರೆದು ಜಗಲಿಯ ಗೋಡೆಗೆ ಒರಗಿಸಿಟ್ಟ. ಸುದ್ದಿ ದಂಡೆಗೆ ಮುಟ್ಟಿತು. ಪೊರಕೆ ಹಿಡಿದು ಬಂದವರ ಮುಂದಾಳು ಎಕುವಾ ಬೊಟ್ಸಿವಾ. ಆಗಿನ್ನೂ ಹರೆಯದವಳು; ಆದರೆ ಅವಳು ದಂಡೆಯಲ್ಲಿ ನಿಂತು ಕೂಗಿದರೆ ದೂರದ ಹಡಗುಗಳು ತಮ್ಮನ್ನೇ ಕರೆದರೆಂದು ತಿರುಗುತ್ತಿದ್ದವು.

“ನಮ್ಮ ಬಾಯಿ ಎಲ್ಲಯ್ಯಾ? ಲಂಡನ್ನಿಗೆ ಮಾರ್ಕೊಂಡ್ಯಾ?”

“ಅಮ್ಮಂದಿರಾ, ನಿಂತಿರೋ ರೀತಿ ನೋಡಿ. ಆ ಭುಜ ಮಾತಾಡ್ತಿಲ್ವಾ?”

“ಭುಜದಲ್ಲಿ ಮೀನು ಮಾರಕ್ಕಾಗುತ್ತೇನೋ! ನಮ್ಮನೆ ಗಂಡಸರು ಭುಜಕ್ಕೆ ಹೆದರ್ತಾರಾ, ಬಾಯಿಗೆ ಹೆದರ್ತಾರಾ?”

ಅಮಿಸ್ಸಾ ನಗುತ್ತ ಮಾಡು ಹತ್ತಿ ಕೂತ. ಅವನನ್ನು ಇಳಿಸಲು ಕ್ವಾಮಿನಾ ಆ ಹೆಂಗಸರೆಲ್ಲರಿಗೂ ಕುಪ್ಪಸ ಹೊಲಿದುಕೊಡುತ್ತೇನೆಂದ. ಹೊಲಿದೂ ಕೊಟ್ಟ. ಅದರಿಂದ ಜಗಳ ಇನ್ನೂ ಜಾಸ್ತಿಯಾಯಿತು.

ಅಂಥ ರಜೆಗಳು ಎಷ್ಟೋ ಹೋದವು. ಈಗ ಆ ಜಗಲಿಯ ಮುಂದೆ ಹಾದುಹೋದರೆ ಕೆಂಕಿಯ ಹುಳಿ ವಾಸನೆ ತಾನಾಗೇ ಮೂಗಿಗೆ ಬರುತ್ತದೆ, ಅಲ್ಲಿ ಈಗ ಮೊಬೈಲ್ ಅಂಗಡಿ ಇದ್ದರೂ.

ಅಮಿಸ್ಸಾ ತೀರಿಕೊಂಡದ್ದು ಲಂಡನ್ನಿನಲ್ಲಿ, ಯಾವುದೋ ಪ್ರದರ್ಶನಕ್ಕೆಂದು ಹೋಗಿದ್ದಾಗ. ದೇಹವನ್ನು ಅಲ್ಲೇ ಮಣ್ಣು ಮಾಡಿದರು. ಊರಿನಲ್ಲಿ ನಾವು ಹೆಣವಿಲ್ಲದೆ ಸಾವಿನ ಕಾರ್ಯ ಮಾಡಿದೆವು. ಅಕ್ರಾದಿಂದ ಕಾರುಗಳಲ್ಲಿ ದೊಡ್ಡವರು ಬಂದು ಭಾಷಣ ಮಾಡಿದರು. ಅಮಿಸ್ಸಾನ ದಾರಿಯಲ್ಲಿ ನಡೆಯುತ್ತಿರುವ ಚಿತ್ರಕಾರರು ಯಾರು ಯಾರೆಂದು ಒಬ್ಬರು ಹೆಸರು ಹೇಳುತ್ತ ಹೋದರು. ಅದು ಮುಗಿಯುವುದರೊಳಗೆ ಹಾಕಿದ ಚಪ್ಪರದ ಗರಿ ಹಣ್ಣಾಗಿ ಉದುರಿತು. ಕ್ವಾಮಿನಾ ಹಿಂದಿನ ಸಾಲಿನಲ್ಲಿ ಕೂತಿದ್ದ. ಅತ್ತದ್ದನ್ನು ನಾನು ನೋಡಲಿಲ್ಲ. ಮನೆಗೆ ಹೋಗುವಾಗ ಮಾತ್ರ, “ಬೀಳ್ಕೊಡಕ್ಕೂ ಸಿಗ್ಲಿಲ್ಲ ನೋಡು, ಬಡ್ಡೀಮಗ” ಎಂದ.

ಆ ವರ್ಷವೇ ನಮ್ಮ ಪಡೆಗೆ ಬೊಟ್ಸಿವಾ ನಾಯಕಿಯಾದಳು. ಹೊಗೆಮೀನಿನ ವ್ಯಾಪಾರದಲ್ಲಿ ಆಳೂ ಬೆಳೆದಿದ್ದಳು, ಬಾಯಿಯೂ ಬೆಳೆದಿತ್ತು. ಹಳದಿ ಬಟ್ಟೆಯ ಒಂದು ಥಾನು ತಂದು ಕ್ವಾಮಿನಾನ ಮುಂದೆ ಹಾಕಿದಳು. ಅಪ್ಪನ ವಯಸ್ಸಿನವರನ್ನು ನಮ್ಮಲ್ಲಿ ಎಗ್ಯಾ ಅನ್ನುತ್ತಾರೆ.

“ಎಗ್ಯಾ, ನನಗೊಂದು ಮೊಸಳೆ. ಬಾಯಲ್ಲಿ ಮೀನು. ಆ ಮೀನನ್ನ ನೋಡಿದವರಿಗೆ ಡಾಡ್ಜಿ ನೆನಪಾಗ್ಬೇಕು.”

ಡಾಡ್ಜಿ ಒಂದನೇ ಪಡೆಯ ನಾಯಕ. ಹುರಿಹಗ್ಗದಂಥ ಆಳು, ನೆರಳು ತನಗಿಂತ ದಪ್ಪಗಿದೆಯೆಂದು ಅದರ ಜೊತೆಗೂ ಜಗಳವಾಡುವವನು.

ಕ್ವಾಮಿನಾ ಮೊಸಳೆ ಕತ್ತರಿಸಿದ. ಹಳದಿಯ ಮೇಲೆ ಇಟ್ಟ. ನೋಡಿದ. ತೆಗೆದ. ಮತ್ತೆ ಇಟ್ಟ. ಆ ವಾರವೆಲ್ಲ ಅವನ ಜಗಲಿಯಿಂದ ಕತ್ತರಿ ಸದ್ದು ಕಮ್ಮಿ, ನಿಟ್ಟುಸಿರು ಜಾಸ್ತಿ. ಒಂದು ಮಂಗಳವಾರ ನನ್ನನ್ನು ಕರೆದು ಬಾವುಟ ಬಿಚ್ಚಿದ.

ಅಷ್ಟಗಲ ಹಳದಿ. ಮೇಲಿನ ಮೂಲೆಯಲ್ಲಿ ಪದ್ಧತಿಯಂತೆ ದೇಶದ ಪುಟ್ಟ ಬಾವುಟ. ಒಂದು ಅಂಚಿಗೆ ಒಬ್ಬ ಕಪ್ಪು ಮನುಷ್ಯ, ಮುಖವಿಲ್ಲ, ಒಂದೇ ಒಂದು ಕೈ ಮುಂದೆ ಚಾಚಿದ್ದಾನೆ. ಇನ್ನೊಂದು ಅಂಚಿನಲ್ಲಿ ಕೆಂಪು ದೋಣಿಯ ಮೂತಿ. ಉಳಿದ ದೋಣಿ ಬಟ್ಟೆಯಿಂದಾಚೆ. ನಡುವೆ ಏನೂ ಇಲ್ಲ. ನಾನು ಕಣ್ಣುಜ್ಜಿಕೊಂಡೆ. ಏನೂ ಇಲ್ಲವೆಂದರೆ ಏನೂ ಇಲ್ಲ.

“ಮೊಸಳೆ ಎಲ್ಲೋ?”

“ಜಾಸ್ತಿಯಾಗಿತ್ತು.”

“ಇನ್ನೊಂದು ಕೈ?”

“ಅದೂ.”

“ಇದು ಯಾವ ಗಾದೆ?”

“ಗೊತ್ತಿಲ್ಲ ಮಾರಾಯ. ಇಲ್ಲಿಗೆ ಬಂದು ಕತ್ತರಿ ನಿಂತುಬಿಡ್ತು.” ಬಟ್ಟೆಯ ಸುಕ್ಕು ಸವರುತ್ತ, “ನಲವತ್ತು ವರ್ಷ ಊರಿನ ಮಾತು ಹೊಲಿದೆ. ಇದೊಂದು ನನ್ನದು” ಎಂದ.

ಬೊಟ್ಸಿವಾ ಬಂದು ನೋಡಿದಳು. ಮೊದಲ ಬಾರಿಗೆ ಅವಳ ಬಾಯಿಂದ ಮಾತು ಹೊರಡಲಿಲ್ಲ. ದಂಡೆಯ ಮೇಲಿನ ಕಾಗೆಗಳು ಗಾಬರಿಯಾಗಿ ಹಾರಿಹೋದವು.

“ಇಷ್ಟಗಲ ಜಾಗ ಸುಮ್ನೆ ಬಿಟ್ಟಿದೀಯಲ್ಲ ಎಗ್ಯಾ, ನನ್ನ ಹತ್ರ ಬಟ್ಟೆ ಜಾಸ್ತಿಯಾಗಿತ್ತು ಅಂದ್ಕೊಂಡ್ಯಾ?”

“ಮೊಸಳೆ ಬೇಕಂದ್ರೆ ಬೇರೆ ಹೊಲಿದುಕೊಡ್ತೀನಮ್ಮಾ. ಇದನ್ನ ನಾನೇ ಇಟ್ಕೋತೀನಿ.”

ಅವಳು ಬಾವುಟದ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಅವಳ ಮುಖದಲ್ಲಿ ನಗು ಹತ್ತಿತು. “ನನಗೇ ಅರ್ಥ ಆಗ್ಲಿಲ್ಲ ಅಂದ್ಮೇಲೆ ಆ ಡಾಡ್ಜಿಗೆ ಆಗುತ್ತಾ? ಏನು ಬೈದಿದಾರೆ ಅಂತ ಯೋಚ್ನೆ ಮಾಡಿ ಮಾಡೀನೇ ಸಾಯ್ಲಿ. ಇದೇ ಇರಲಿ!”

ಹಾಗೆ ಬಾವುಟ ನಾನಾ ಅವರ ಅಂಗಳಕ್ಕೆ ಹೋಯಿತು.

ಅಂಗಳದ ಒಂದು ಕಡೆ ನಾವು, ಎದುರಿಗೆ ಅವರು, ನಡುವೆ ನಮ್ಮ ಕುಣಿತಗಾರ ಕೊಜೊ ಅನಾನ್ ಬಾವುಟ ಬಿಚ್ಚಿ ಹಿಡಿದು ನಿಂತ. ಪೀಠದ ಮೇಲೆ ನಾನಾ. ಅವರು ನೇರವಾಗಿ ಯಾರ ಜೊತೆಗೂ ಮಾತಾಡುವುದಿಲ್ಲ. ಅವರ ಪಿಸುಮಾತನ್ನು ಪಕ್ಕದಲ್ಲಿ ಬಂಗಾರದ ಕೋಲು ಹಿಡಿದ ಮಾತುಗಾರ ನಮಗೆ ದಾಟಿಸುತ್ತಾನೆ. ನಾನಾ ಒಂದು ಕೆಮ್ಮು ಕೆಮ್ಮಿದರೆ ಅವನು ಅದನ್ನು ಅರ್ಧ ಗಂಟೆಯ ಭಾಷಣ ಮಾಡುವಷ್ಟು ಗಟ್ಟಿಗ. ಪೀಠದ ಮುಂದೆ ಒಂದು ಮಣೆ. ಮಣೆಯ ಮೇಲೆ ಕಟ್ಟಿನ ಪ್ರಕಾರ ಕ್ವಾಮಿನಾನ ಕತ್ತರಿ.

ಡಾಡ್ಜಿ ಬಾವುಟವನ್ನು ತಲೆಯಿಂದ ಬುಡದವರೆಗೆ ನೋಡಿದ. ಹಾರಿ ನಿಂತ.

“ಎಡಗೈ! ನಾನಾ, ಎಡಗೈ ತೋರಿಸ್ತಿದಾನೆ ನಮಗೆ!”

ಎಡಗೈಯಲ್ಲಿ ಮನುಷ್ಯರನ್ನು ಕರೆಯುವುದಿಲ್ಲ, ಎಡಗೈಯಲ್ಲಿ ಕೊಡುವುದಿಲ್ಲ, ಎಡಗೈ ಚಾಚಿದರೆ ಅಮ್ಮನನ್ನು ಬೈದ ಹಾಗೆ. ನಮ್ಮ ಕಡೆಯಿಂದ ನೋಡಿದರೆ ಅದು ನೆಟ್ಟಗೆ ಬಲಗೈ. ಆದರೆ ಪಡೆಯ ಬಾವುಟಕ್ಕೆ ಬೆನ್ನಿಲ್ಲ, ಎರಡೂ ಕಡೆ ಮುಖವೇ. ಪ್ರತಿಯೊಂದು ತುಂಡನ್ನೂ ಎರಡೆರಡು ಕತ್ತರಿಸಿ, ಈ ಕಡೆಗೊಂದು ಆ ಕಡೆಗೊಂದು, ಬೆನ್ನಿಗೆ ಬೆನ್ನು ಹಚ್ಚಿ ಹೊಲಿಯುತ್ತಾರೆ. ಈ ಕಡೆಯ ಬಲಗೈ ಆ ಕಡೆ ಹೋದರೆ ಎಡಗೈಯಾಗುತ್ತದೆ. ಇದನ್ನು ತಿಳಿದೇ ನಮ್ಮ ದರ್ಜಿಗಳು ಬಾವುಟದ ಮನುಷ್ಯನ ಎರಡೂ ಕೈಗೆ ಕೆಲಸ ಕೊಡುತ್ತಾರೆ: ಒಂದರಲ್ಲಿ ಕತ್ತಿ, ಒಂದರಲ್ಲಿ ಹುಟ್ಟು. ಕ್ವಾಮಿನಾನಿಗೆ ಇದನ್ನು ಅವನ ಅಪ್ಪ ತಲೆಗೆ ಮೊಟಕಿ ಕಲಿಸಿದ್ದ. ಆ ಎರಡನೇ ಕೈ ಕಿತ್ತಾಗ ಅವನಿಗೆ ಇದು ಮರೆತಿತ್ತೋ, ನೆನಪಿದ್ದೇ ಕಿತ್ತನೋ, ನಾನು ಕೇಳಿಲ್ಲ.

“ತಿರುಗಿಸು” ಎಂದು ನಾನಾ ಪಿಸುಗುಟ್ಟಿದರು. ಕೊಜೊ ಬಾವುಟ ತಿರುಗಿಸಿದ. ಈಗ ಎಡಗೈ ನಮ್ಮ ಕಡೆ.

“ಅಯ್ಯೋ, ನಮಗೂ!” ಎಂದು ನಮ್ಮವರೇ ಕೂಗಿದರು. “ಎಗ್ಯಾ ಓಟು, ನಮ್ಮ ಅನ್ನ ತಿಂದು ನಮಗೇ ಎಡಗೈ ತೋರಿಸ್ತೀಯಾ?”

“ಅಷ್ಟೇ ಅಲ್ಲ!” ಡಾಡ್ಜಿ ಬಿಡಲಿಲ್ಲ. “ನಮ್ಮ ದೋಣೀನ ಅರ್ಧ ಕಡಿದು ಹಾಕಿದಾರೆ!”

“ನಿಮ್ಮ ದೋಣಿ ಅಂತ ಹೆಸರು ಬರ್ದಿದೆಯಾ ಅದರ ಮೇಲೆ?” ಬೊಟ್ಸಿವಾ ಎದ್ದಳು. “ಇಡೀ ದೋಣಿ ಇದ್ದಿದ್ರೆ ನಿಮ್ದಲ್ಲ ಅಂತ ಯಾರಾದ್ರೂ ಹೇಳ್ತಿದ್ರು. ನಿಮ್ಮ ದೋಣಿಗಳೆಲ್ಲ ಅರ್ಧ ನೀರೊಳಗೇ ಇರ್ತಾವಲ್ಲ.”

“ನಡುವೆ ಖಾಲಿ ಬಿಟ್ಟಿರೋದೇನು? ನಿಮ್ಮ ಪಡೆಯಲ್ಲಿ ಜನ ಇಲ್ಲ ಅಂತಾನಾ?”

“ನಿನ್ನನ್ನ ಅಡ್ಡಡ್ಡ ಮಲಗಿಸಿದೀವಿ ಅಣ್ಣಾ. ಸಣ್ಣಗಿದೀಯಲ್ಲ, ಕಾಣಿಸ್ತಿಲ್ಲ.”

ಅಂಗಳ ಎದ್ದು ನಿಂತಿತು. ಮಾತುಗಾರ ಕೋಲು ಕುಟ್ಟಿ ಕುಟ್ಟಿ ನೆಲದಲ್ಲಿ ಬಾವಿ ತೋಡಿದ. ಗದ್ದಲ ಇಳಿದ ಮೇಲೆ ನಾನಾ ಬಹಳ ಹೊತ್ತು ಪಿಸುಗುಟ್ಟಿದರು. ಮಾತುಗಾರ ಕ್ವಾಮಿನಾನ ಕಡೆ ತಿರುಗಿದ.

“ಓಟು, ನಾನಾ ಹೇಳ್ತಾರೆ: ನಿನ್ನ ಅಪ್ಪ ನನ್ನ ಅಪ್ಪನ ಬಾವುಟ ಹೊಲಿದವನು. ನಿನ್ನ ಕತ್ತರಿ ನನಗೆ ಬೇಡ. ಇವತ್ತೇ ಕೂತು ಆ ಮನುಷ್ಯನಿಗೆ ಇನ್ನೊಂದು ಕೈ ಹೊಲಿ. ಎರಡು ಕಣ್ಣಿಡು, ಯಾರನ್ನ ನೋಡ್ತಿದಾನೆ ಅಂತ ತಿಳೀಲಿ. ನಡುವೆ ಯಾವುದಾದರೂ ಪ್ರಾಣಿ ಹಾಕು. ಕತ್ತರಿ ತಗೊಂಡು ಮನೆಗೆ ಹೋಗು.”

ನಮ್ಮ ಜೀವ ವಾಪಸು ಬಂತು. “ಆಯ್ತು ಅನ್ನೋ, ಆಯ್ತು ಅನ್ನು” ಎಂದು ನಾನು ಹಿಂದಿನಿಂದ ತಿವಿದೆ.

ಕ್ವಾಮಿನಾ ಮಣೆಯ ಮೇಲಿನ ಕತ್ತರಿ ನೋಡಿದ. ಅದರ ಹಿಡಿಯಲ್ಲಿ ಅವನ ಅಪ್ಪನ ಬೆರಳು ಸವೆಸಿದ ಗುಂಡಿ, ಆ ಗುಂಡಿಯಲ್ಲಿ ಅವನ ಬೆರಳಿನದು.

“ನಾನಾ, ತಪ್ಪಾಯ್ತು” ಎಂದ. ಎಲ್ಲರೂ ಉಸಿರು ಬಿಟ್ಟರು. “ಎಡಗೈ ವಿಷಯ ತಪ್ಪು ನಂದೇ. ಸುಡೋದಾದ್ರೆ ಸುಡಿ. ಆದ್ರೆ ಇನ್ನೊಂದು ಕೈ ನಾನು ಹಾಕಲ್ಲ. ಈ ಮನುಷ್ಯ ಒಂದು ಕೈ ಚಾಚಿದಾನೆ. ಅದು ಮುಟ್ಟಿಲ್ಲ. ಇನ್ನೊಂದು ಕೈಗೆ ಕತ್ತಿ ಕೊಟ್ರೆ, ಹುಟ್ಟು ಕೊಟ್ರೆ, ಇವನು ಮುಟ್ಟಲಿಲ್ಲ ಅನ್ನೋದೇ ಯಾರಿಗೂ ಕಾಣಲ್ಲ.”

ಡಾಡ್ಜಿ ಬಾಯಿ ತೆರೆದು ಮುಚ್ಚಿದ. ಆದರೆ ಮುಚ್ಚಿದ ಬಾಯಿ ನಮ್ಮೂರಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ. “ಮುಟ್ಟಲಿ ಬಿಡಲಿ, ಎಡಗೈ ಎಡಗೈಯೇ! ಈ ಕಡೆ ತಿರುಗಿಸಬೇಡಿ!” ಎಂದ.

“ಈ ಕಡೆ ಮಾತ್ರ ತಿರುಗಿಸ್ಬೇಕಾ?” ಎಂದರು ನಮ್ಮವರು.

ನ್ಯಾಯ ಸಮನಾಗಿರಲೆಂದು ನಾನಾ ಬೆರಳಾಡಿಸಿದರು: ಅತ್ತ ತಿರುಗಿಸು. ಅವರು ಕೂಗಿದರು. ಇತ್ತ ತಿರುಗಿಸು. ನಾವು ಕೂಗಿದೆವು. ಅತ್ತ, ಇತ್ತ, ಅತ್ತ, ಇತ್ತ. ಕೊಜೊ ಅನಾನ್ ಮೊದಲೇ ಕೈ ಸೋತು ನಿಂತಿದ್ದವನು. ನಿಂತು ಬಾವುಟ ಹಿಡಿದು ಅಭ್ಯಾಸವಿಲ್ಲದ ಮನುಷ್ಯ. ತಿರುಗಿಸುವ ರಭಸಕ್ಕೆ ಅವನ ಕಾಲು ತಾನಾಗಿ ಎದ್ದಿತು. ಕಾಲು ಎದ್ದದ್ದು ಕಂಡು ನನ್ನ ಕೈ ಸುಮ್ಮನಿರಲಿಲ್ಲ. ಡೋಲು ಮಾತಾಡಿತು. ಅವನು ಬಾವುಟವನ್ನು ತಲೆಯ ಮೇಲೆ ಬೀಸಿದ, ಕಾಲಡಿಗೆ ಸೆಳೆದ, ಬೆನ್ನ ಹಿಂದೆ ಸುತ್ತಿಸಿ ಎದೆಗೆ ತಂದ. ಹಳದಿ ತುಂಬಿಕೊಂಡಿತು, ಮಡಿಸಿಕೊಂಡಿತು. ಒಂದೊಂದು ಮಡಿಕೆಯಲ್ಲಿ ಆ ಕೈ ಓಡಿ ಹೋಗಿ ದೋಣಿಯ ಮೂತಿಯನ್ನು ಇನ್ನೇನು ಹಿಡಿಯಿತು ಅನ್ನುವಷ್ಟರಲ್ಲಿ ಬಟ್ಟೆ ಬಿಚ್ಚಿ ದೋಣಿ ದೂರ ಹೋಗುತ್ತಿತ್ತು. ಎರಡೂ ಕಡೆಯ ಜನ ಕತ್ತು ಚಾಚಿ “ಹಿಡಿ, ಹಿಡಿ!” ಎಂದು ಕೂಗತೊಡಗಿದರು. ಎಡಗೈ ಬಲಗೈ ಯಾರ ತಲೆಯಲ್ಲೂ ಇರಲಿಲ್ಲ. ಡಾಡ್ಜಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ.

ಕೊಜೊ ಬಿದ್ದಾಗ ಡೋಲು ನಿಂತಿತು. ನಾನಾ ಕಣ್ಣೊರೆಸಿಕೊಂಡರು, ನಗುವಿನದೋ ಬೇರೆಯದೋ ಹೇಳಲಾರೆ. ಒಂದೇ ಮಾತು ಪಿಸುಗುಟ್ಟಿದರು. ಮಾತುಗಾರನಿಗೂ ಆವತ್ತು ಅದನ್ನು ಉದ್ದ ಮಾಡಲು ಮನಸ್ಸಾಗಲಿಲ್ಲ.

“ಈ ಬಾವುಟ ನಿಂತಾಗ ಬೈಗುಳ, ಕುಣಿವಾಗ ಅಲ್ಲ. ಆದ್ದರಿಂದ ಇದು ಯಾವತ್ತೂ ನಿಲ್ಲಕೂಡದು. ಗೋಡೆಗೆ ಹಾಕಕೂಡದು, ಕಂಬಕ್ಕೆ ಕಟ್ಟಕೂಡದು. ಬಿಚ್ಚಿದರೆ ಕುಣಿಯಬೇಕು, ಇಲ್ಲವಾದರೆ ಮಡಿಸಿಡಬೇಕು. ಓಟು, ನಿನ್ನ ಕತ್ತರಿ ತಗೋ.”

ಆ ಹಬ್ಬದಲ್ಲಿ ಕೊಜೊ ಅನಾನ್ ಊಟಕ್ಕೂ ನಿಲ್ಲುವಂತಿರಲಿಲ್ಲ. ಬೊಟ್ಸಿವಾ ಅವನ ಜೊತೆಜೊತೆಗೆ ಕುಣಿದುಕೊಂಡೇ ಹೋಗಿ ಬಾಯಿಗೆ ಕೆಂಕಿ ಇಟ್ಟಳು. ಹಬ್ಬ ಮುಗಿಯುವಷ್ಟರಲ್ಲಿ ಅವನು ಎಷ್ಟು ಬಡವಾಗಿದ್ದನೆಂದರೆ ಡಾಡ್ಜಿಗೆ ತನ್ನ ತಮ್ಮನನ್ನು ಕಂಡ ಹಾಗಾಯಿತು.

ಮರುವರ್ಷ ಆ ಡಾಡ್ಜಿಯೇ ಕ್ವಾಮಿನಾನ ಜಗಲಿ ಹತ್ತಿದ. “ನಮಗೂ ಒಂದು. ಖಾಲಿ ಜಾಗ ಅವರದಕ್ಕಿಂತ ದೊಡ್ಡದಿರಲಿ.” ಆಮೇಲೆ ಕಡಲಂಚಿನ ಊರೂರಿನ ದರ್ಜಿಗಳು ಅದನ್ನೇ ಹಿಡಿದರು. ಇದರಲ್ಲಿ ಏನು ಬೈದಿದೆ ಎಂದು ಎದುರಿನವರು ತಲೆ ಕೆರೆದುಕೊಳ್ಳಬೇಕು, ಅಂಗಳದಲ್ಲಿ ರುಜುವಾತಾಗಬಾರದು, ಅಂಥದ್ದೇ ಬೇಕೆಂದು ನಾಯಕರು ಕೇಳತೊಡಗಿದರು. ಮೊಸಳೆಗಳು ನಿರುದ್ಯೋಗಿಗಳಾದವು. ದೋಣಿಗೆ ಬಣ್ಣ ಬಳಿಯುವವರು ನಡುವೆ ಒಂದು ಹಲಗೆ ಸುಮ್ಮನೆ ಬಿಡಲು ಕಲಿತರು. ಈಗ ಕಾಲೇಜಿನಿಂದ ಬರುವ ಹುಡುಗಿಯರು ಶಾಲೆಯ ಗೋಡೆಯ ಮೇಲೆ ಮುಖವಿಲ್ಲದ ಹೆಂಗಸರನ್ನು ಬರೆಯುತ್ತಾರೆ, ಇದು ಅಮಿಸ್ಸಾ ಶೈಲಿ ತಾತಾ ಎಂದು ನನಗೇ ವಿವರಿಸುತ್ತಾರೆ. ಹೌದಮ್ಮಾ ಎನ್ನುತ್ತೇನೆ. ಅಕ್ರಾದ ಸಂಗ್ರಹಾಲಯದವರೂ ಬಾವುಟ ಕೇಳಿಕೊಂಡು ಬಂದಿದ್ದರು. ಗೋಡೆಗೆ ಹಾಕುತ್ತೇವೆಂದರು. ಗೋಡೆ ಕುಣಿಯುತ್ತದಾ ಎಂದು ಬೊಟ್ಸಿವಾ ಕೇಳಿದಳು.

ಕ್ವಾಮಿನಾ ಓಟು ಕತ್ತರಿ ಹಿಡಿದೇ ಮುದುಕನಾದ. ಕೊನೆಕೊನೆಗೆ ಕಣ್ಣು ಮಂಜಾಗಿ ಅಂಗಿಗಳು ಸ್ವಲ್ಪ ನೆಟ್ಟಗಾಗಿದ್ದವು. ಅವನು ಹೋದ ದಿನ ಪಡೆಯ ಪದ್ಧತಿಯಂತೆ ಶವದ ಪೆಟ್ಟಿಗೆಯ ಮೇಲೆ ಅವನು ಹೊಲಿದ ಬಾವುಟ ಹೊದಿಸಬೇಕಿತ್ತು. ಯಾವುದನ್ನೆಂದು ಯಾರೂ ಕೇಳಲಿಲ್ಲ. ಹೊದಿಸಿದರೆ ನಿಂತ ಹಾಗಾಯಿತಲ್ಲ. ಅದಕ್ಕೇ ಅವನ ಮನೆಯಿಂದ ಮಣ್ಣಿನವರೆಗೂ ಅದು ಪೆಟ್ಟಿಗೆಯ ಮುಂದೆ ಕುಣಿದುಕೊಂಡೇ ಹೋಯಿತು. ಕೊಜೊಗೂ ವಯಸ್ಸಾಗಿತ್ತು; ಚರ್ಚಿನ ಏರಿನಲ್ಲಿ ಅವನ ಮಂಡಿ ಕುಸಿಯಿತು. ನಮ್ಮ ಹುಡುಗರು ಹಿಂದೆ ಪೆಟ್ಟಿಗೆ ಹೊತ್ತಿದ್ದರು. ಆಗ ಒಂದನೇ ಪಡೆಯ ಕುಣಿತಗಾರ ಸಾಲಿನಿಂದ ಹಾರಿ ಬಂದು, ನೆಲಕ್ಕೆ ತಾಗುವ ಮೊದಲೇ ಬಾವುಟ ಹಿಡಿದ. ಬಲಗೈಯಲ್ಲೇ ಹಿಡಿದ. ನಮ್ಮ ಪಡೆಯ ಬಾವುಟ ಅವರ ಕೈಯಲ್ಲಿ! ನನ್ನ ಅಜ್ಜನ ಕಾಲದಲ್ಲಾಗಿದ್ದರೆ ಅವತ್ತು ಇನ್ನೂ ನಾಲ್ಕು ಪೆಟ್ಟಿಗೆ ಬೇಕಾಗುತ್ತಿತ್ತು. ನಾನು ಡೋಲು ನಿಲ್ಲಿಸಲೋ ಬೇಡವೋ ಎಂದು ಬೊಟ್ಸಿವಾಳ ಮುಖ ನೋಡಿದೆ.

“ಬಾರ್ಸೋ ಮುದುಕಾ” ಎಂದಳು. “ಅವನನ್ನ ನಿಲ್ಲಕ್ಕೆ ಬಿಡಬೇಡ.”